ಮೊದಲ ಗೂಟ

ನಗು ಬಾರದವನನ್ನು ಹಿಡಿದು ಕೂರಿಸಿ ನಗಿಸಲು ಹೊರಟರೆ ಅವನಿಗೆ ಸಿಟ್ಟು ಬರುತ್ತದೆ. ಇಷ್ಟು ಸಣ್ಣ ವಿಷಯ ಶಿಕಾರಿಪುರದ ಸಂಧ್ಯಾ ಸಂತಸ ಬಳಗದವರಿಗೆ ಯಾಕೆ ತಿಳಿಯುವುದಿಲ್ಲವೋ ಹುಚ್ಚರಾಯಪ್ಪನಿಗೆ ಅರ್ಥವಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾಡಿಗೆಯ ಸಭಾಂಗಣದಲ್ಲಿ ಇಪ್ಪತ್ತು ಮಂದಿ ಮುದುಕ ಮುದುಕಿಯರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಬಲೂನು. ಎಪ್ಪತ್ತೊಂದು ವರ್ಷದ ಹುಚ್ಚರಾಯಪ್ಪನಿಗೆ ಗುಲಾಬಿ ಬಣ್ಣದ್ದು ಸಿಕ್ಕಿತ್ತು.

ಸ್ಪಂದನ ಎಂಬ ಇಪ್ಪತ್ತನಾಲ್ಕರ ಹುಡುಗಿ ಮೈಕು ಹಿಡಿದು, “ಎಲ್ರೂ ಎರಡೂ ಕೈ ಮೇಲೆತ್ತಿ. ಈಗ ಹೊಟ್ಟೆಯಿಂದ, ಹಹ್ಹಹ್ಹಾ!” ಎಂದಳು. ಹದಿನೆಂಟು ಜನ ಹಹ್ಹಹ್ಹಾ ಎಂದರು. ಹುಚ್ಚರಾಯಪ್ಪ ಬಾಯಿ ಬಿಡಲಿಲ್ಲ. ಪಕ್ಕದ ಕುರ್ಚಿಯ ಭೀಮಣ್ಣನೂ ಬಿಡಲಿಲ್ಲ. ಈ ಭೀಮಣ್ಣ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವನು. ನಿವೃತ್ತಿಯಾಗಿ ಎಂಟು ವರ್ಷವಾದರೂ ಅಂಗಿ ಜೇಬಿನಲ್ಲಿ ಸೀಟಿ ಇಟ್ಟುಕೊಂಡೇ ಓಡಾಡುತ್ತಿದ್ದ.

“ಯಾಕಜ್ಜಾರೆ, ನೀವ್ ನಗ್ತಾನೇ ಇಲ್ಲ?” ಸ್ಪಂದನ ಹತ್ತಿರ ಬಂದು ಬಗ್ಗಿ ಕೇಳಿದಳು.

“ನಗಾಕೆ ಏನಾಗೈತಿ ಹೇಳವ್ವ. ನಗ್ತೀನಿ.”

“ಏನೂ ಆಗ್ಬೇಕಾಗಿಲ್ಲ ಅಜ್ಜಾರೆ. ಸುಮ್ಸುಮ್ನೆ ನಗೋದು.”

“ಸುಮ್ಸುಮ್ನೆ ನಗೋರ್ನ ನಮ್ಮೂರಾಗೆ ಬ್ಯಾರೆ ಹೆಸರಿಟ್ಟು ಕರೀತಾರವ್ವ.”

ಭೀಮಣ್ಣ ಅಷ್ಟು ಹೊತ್ತಿಗೆ ತನ್ನ ಬಲೂನನ್ನು ಎರಡು ಅಂಗೈ ನಡುವೆ ಇಟ್ಟು ಒತ್ತಿದ. ಅದು ಢಬ್ಬೆಂದು ಒಡೆಯಿತು. ಆ ಬೆಳಿಗ್ಗೆ ಆ ಸಭಾಂಗಣದಲ್ಲಿ ನಡೆದ ಒಂದೇ ಒಂದು ಒಳ್ಳೆಯ ಕೆಲಸ ಅದು ಎಂದು ಹುಚ್ಚರಾಯಪ್ಪನಿಗೆ ಅನ್ನಿಸಿತು.

ಆಮೇಲೆ ಹುಡುಗಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಮೇಲೆ ‘ನನ್ನ ಬದುಕಿನ ಗುರಿ’ ಎಂದು ಅಚ್ಚಾಗಿತ್ತು. ಕೆಳಗೆಲ್ಲ ಖಾಲಿ. ಹುಚ್ಚರಾಯಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಎರಡು ವರ್ಷ ತಡ ಮಾಡಿದಿ. ಆಗ ಕೇಳಿದ್ರೆ ನೂರ ಇಪ್ಪತ್ತು ಇದ್ವು. ಒಂದೊಂದರ ಕಿವಿ ಗುರುತು ಸಮೇತ ಹೇಳ್ತಿದ್ದೆ,” ಎಂದು ಖಾಲಿ ಹಾಳೆಯನ್ನೇ ವಾಪಸು ಕೊಟ್ಟು, ಸೊಸೆ ಕಟ್ಟಿಕೊಟ್ಟಿದ್ದ ಬುತ್ತಿಯನ್ನೂ ಬಿಚ್ಚದೆ ಬಸ್ ಸ್ಟ್ಯಾಂಡಿಗೆ ಹೊರಟುಹೋದ.

ನೂರ ಇಪ್ಪತ್ತು ಎಂದದ್ದು ಕುರಿಗಳನ್ನು. ಹುಚ್ಚರಾಯಪ್ಪ ಬಳ್ಳಿಗಾವಿಯವನು. ಸುಗ್ಗಿ ಮುಗಿದೊಡನೆ ಮಂದೆ ಹೊಡೆದುಕೊಂಡು ಸೊರಬದ ಕಡೆಗೆ ಹೋಗುವುದು ಅವನ ಅಪ್ಪನ ಕಾಲದಿಂದಲೂ ಇತ್ತು. ಕೊಯ್ಲಾದ ಗದ್ದೆಯಲ್ಲಿ ಗೂಟ ನೆಟ್ಟು ಸುತ್ತ ಬಲೆ ಕಟ್ಟಿ ರಾತ್ರಿ ಕುರಿ ಮಲಗಿಸಿದರೆ ಹಿಕ್ಕೆ ಗಂಜಳವೆಲ್ಲ ಅಲ್ಲೇ ಬಿದ್ದು, ಮುಂದಿನ ಬೆಳೆಗೆ ಬೇರೆ ಗೊಬ್ಬರ ಬೇಡ. ಕುಬಟೂರಿನಲ್ಲಿ ಮೂರು ಮನೆ, ಆಮೇಲೆ ಹೊಸಬಾಳೆಯಲ್ಲಿ ರಾಜಪ್ಪನ ಮನೆ. ನಲವತ್ತೆರಡು ವರ್ಷ ಹುಚ್ಚರಾಯಪ್ಪ ಒಂದು ಸಲವೂ ತಪ್ಪಿಸಿರಲಿಲ್ಲ.

ಈ ಕೆಲಸಕ್ಕೆ ಎರಡು ಕಟ್ಟಳೆ. ಗದ್ದೆಯ ಮನೆಯವರು ಹೇಳಿಕಳಿಸದೆ ಮಂದೆ ಏಳುವುದಿಲ್ಲ. ಕರೆಯದ ಗದ್ದೆಗೆ ಕುರಿ ಹೊಡೆದುಕೊಂಡು ಹೋಗುವವನು ಭಿಕ್ಷೆಗೆ ಹೋದಂತೆ. ಎರಡನೆಯದು ಗೂಟದ್ದು. ಹೊಸಬಾಳೆಯಿಂದ ಹೊರಡುವಾಗ ಬಲೆಯ ಮೊದಲ ಗೂಟವನ್ನು ಆ ಮನೆಯಲ್ಲೇ ಬಿಟ್ಟು ಬರಬೇಕು. ಮುಂದಿನ ವರ್ಷ ಬರುತ್ತೇನೆಂಬ ಮಾತಿಗೆ ಅದು ಸಾಕ್ಷಿ. ಬಂದಾಗ ಆ ಮನೆಯವರೊಬ್ಬರು ಗೂಟವನ್ನು ಎರಡು ಕೈಯಲ್ಲಿ ನೆಟ್ಟಗೆ ಹಿಡಿಯುತ್ತಾರೆ, ಕುರುಬ ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಹೊಡೆಯುತ್ತಾನೆ. ರಾಜಪ್ಪ ಇರುವವರೆಗೂ ಅವನು ಹಿಡಿದ. ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಹೂವಮ್ಮ ಹಿಡಿದಳು. ಏಟು ಒಂದಿಂಚು ಜಾರಿದರೆ ಹಿಡಿದವರ ಮಣಿಕಟ್ಟು ಪುಡಿ. ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ ಜಾರಿರಲಿಲ್ಲ.

ಎರಡು ವರ್ಷದ ಹಿಂದೆ ಹೊಸಬಾಳೆಯಿಂದ ವಾಪಸು ಬರುವಾಗ ಶಿರಾಳಕೊಪ್ಪದ ರಸ್ತೆಯಲ್ಲಿ ಒಂದು ಲಾರಿ ಮಂದೆಯ ಮೇಲೆ ನುಗ್ಗಿತು. ಒಂಬತ್ತು ಕುರಿ ಸತ್ತವು. ಹುಚ್ಚರಾಯಪ್ಪ ರಸ್ತೆ ಪಕ್ಕದ ಗುಂಡಿಗೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಕೈ ಕೂಡಿತು. ಆದರೆ ಮಗ ತಿಪ್ಪೇಶನ ತಲೆಯಲ್ಲಿ ಏನೋ ಮುರಿದದ್ದು ಕೂಡಲಿಲ್ಲ. ಅವನು ಸುಮಾರು ಅರ್ಧ ಮಂದೆ ಮಾರಿದ. ಉಳಿದ ಅರವತ್ತನ್ನು ಮನೆಯ ಹಿಂದೆ ತಗಡಿನ ಶೆಡ್ಡು ಕಟ್ಟಿ, ಹಲಗೆಯ ಅಟ್ಟದ ಮೇಲೆ ನಿಲ್ಲಿಸಿ, ಚೀಲದ ಫೀಡು ತಿನ್ನಿಸತೊಡಗಿದ. ಅಪ್ಪನಿಗೆ, “ನೀ ಇನ್ನು ಅರಾಮಿರು,” ಎಂದ. ಸೌದೆ ಮುಟ್ಟಬೇಡ, ಬಿಸಿಲಿಗೆ ಹೋಗಬೇಡ, ಕೂಗಾಡಬೇಡ, ಬಿಪಿ ಏರುತ್ತದೆ. ಹುಚ್ಚರಾಯಪ್ಪ ಶೆಡ್ಡಿಗೆ ಹೋದರೆ, “ನೀ ಯಾಕ್ ಬಂದಿ, ನಾ ನೋಡ್ಕಂತೀನಿ,” ಎಂದು ಕೈಹಿಡಿದು ಕಟ್ಟೆಗೆ ಕರೆತಂದು ಕೂರಿಸುತ್ತಿದ್ದ. ನೆಲ ತುಳಿಯದ ಆ ಕುರಿಗಳನ್ನು ನೋಡಿದರೆ ಮುದುಕನಿಗೆ ಹೊಟ್ಟೆ ಉರಿಯುತ್ತಿತ್ತು. ತನ್ನನ್ನೂ ಹಾಗೇ ಅಟ್ಟಕ್ಕೆ ಹಾಕಿ ಮೇವು ಇಡುತ್ತಿದ್ದಾರೆ ಎನ್ನಿಸುತ್ತಿತ್ತು.

ಆದರೂ ಅವನ ದೊಡ್ಡ ಸಿಟ್ಟು ಮಗನ ಮೇಲಲ್ಲ, ಹೊಸಬಾಳೆಯವರ ಮೇಲೆ. ಎರಡು ಸುಗ್ಗಿ ಕಳೆದವು, ಹೂವಮ್ಮನ ಮನೆಯಿಂದ ಕರೆ ಬರಲಿಲ್ಲ. ಅಲ್ಲಿಂದ ಒಂದು ಮಾತು ಬಂದಿದ್ದರೆ ಆ ಅರವತ್ತನ್ನೇ ಬಿಚ್ಚಿಕೊಂಡು ಹೋಗುತ್ತಿದ್ದ, ತಿಪ್ಪೇಶ ಅಡ್ಡ ಮಲಗಿದ್ದರೂ ದಾಟಿ ಹೋಗುತ್ತಿದ್ದ. “ಕೈ ಮುರೀತು ಅಂದ ಕೂಡ್ಲೆ ಮರೆತ್ರು. ಉಂಡ ಮನಿ ಅಂತ ನಾ ನೆನಸ್ತೀನಿ, ಆ ಹೆಣ್ಮಗಳಿಗೆ ಟ್ರ್ಯಾಕ್ಟರ್ ಗೊಬ್ಬರ ರುಚಿ ಹತ್ತೈತಿ,” ಎಂದು ದಿನಕ್ಕೊಮ್ಮೆಯಾದರೂ ಬೈಯದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಗೋಡೆಯ ಜೊತೆ ಜಗಳವಾಡುವ ಮಾವನನ್ನು ನೋಡಲಾರದೆ ಸೊಸೆ ಮಮತಾ ಅವನನ್ನು ಆ ನಗುವ ಬಳಗಕ್ಕೆ ಸೇರಿಸಿದ್ದಳು. ಅವಳ ಮನಸ್ಸು ಒಳ್ಳೆಯದೇ. ಆದರೆ ನಾಲ್ಕು ಜನರ ನಡುವೆ ಕೂತರೆ ಸರಿಹೋಗುವ ಸಿಟ್ಟಲ್ಲ ಅದು.

ಬುಧವಾರ ಮಧ್ಯಾಹ್ನ ತಿಪ್ಪೇಶ ಫೀಡು ತರಲು ಹೋಗಿದ್ದ. ಮಗನಿಲ್ಲದ ಹೊತ್ತು ನೋಡಿ ಹುಚ್ಚರಾಯಪ್ಪ ಹಿತ್ತಲಿನಲ್ಲಿ ಕೊಡಲಿ ತೆಗೆದುಕೊಂಡು ಸೌದೆ ಒಡೆಯುತ್ತಿದ್ದ. ಆಗ ಮನೆಯೊಳಗಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು. ತಗ್ಗಿಸಿದ, ಅಳುವುದಕ್ಕೆ ತಯಾರಾಗಿದ್ದ ದನಿ.

“ಯಾವ ಕೋಣೇಲಿ ಮಲಗ್ಸಿದೀರವ್ವಾ?”

“ಯಾರನ್ನ?” ಎಂದಳು ಮಮತಾ.

“ಅಣ್ಣನ್ನ. ಮಾತಾದ್ರೂ ಬರ್ತದಾ? ಗುರುತು ಹಿಡೀತಾರಾ?”

ಹುಚ್ಚರಾಯಪ್ಪ ಕೊಡಲಿ ಹಿಡಿದುಕೊಂಡೇ ಒಳಗೆ ಬಂದ. ನಡುಮನೆಯಲ್ಲಿ ಹೂವಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಬ್ರೆಡ್ಡು ಮತ್ತು ಕಿತ್ತಳೆ ಹಣ್ಣಿನ ಚೀಲ, ಇನ್ನೊಂದು ಕಂಕುಳಲ್ಲಿ ಹಳೆ ಟವೆಲ್ಲಿನಲ್ಲಿ ಸುತ್ತಿದ ಉದ್ದನೆಯ ವಸ್ತು. ಕಾಯಿಲೆಯವರನ್ನು ನೋಡಲು ಹೋಗುವವರ ಮುಖ ಮಾಡಿಕೊಂಡು ಬಂದಿದ್ದಳು. ಕೊಡಲಿ ಹಿಡಿದು ಬೆವರುತ್ತ ನಿಂತ ಮನುಷ್ಯನನ್ನು ಕಂಡು ಅವಳ ಚೀಲ ಜಾರಿ ಹಣ್ಣುಗಳು ನೆಲದ ಮೇಲೆ ಉರುಳಿದವು.

“ಯಾರವ್ವ ಇಲ್ಲಿ ಮಲಗಿರೋದು?” ಎಂದು ಹುಚ್ಚರಾಯಪ್ಪ ಗದರಿದ.

ಹೂವಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅಳು ಬಂದ ದಾರಿಯಲ್ಲೇ ವಾಪಸು ಹೋಗಿ ಆ ಜಾಗಕ್ಕೆ ಸಿಟ್ಟು ಬಂದು ಕೂತಿತು. “ಎಂತದು ಮಾರಾಯ್ರೆ ಇದು? ಹಾಸಿಗೆ ಹಿಡಿದವ್ರು ಸೌದೆ ಒಡೀತಾರಾ? ಬೆಳಿಗ್ಗೆಯಿಂದ ಎರಡು ಬಸ್ಸು ಹತ್ತಿ ಇಳ್ದು, ಕಣ್ಣೀರು ಹಾಕ್ಕೊಂಡು ಬಂದಿದೀನಿ ನಾನು! ಇಷ್ಟು ಗಟ್ಟಿಯಾಗಿದ್ದೂ ಎರಡು ವರ್ಷ ನಮ್ಮ ಗದ್ದೆ ಕಡೆ ತಲೆ ಹಾಕ್ಲಿಲ್ವಲ್ಲ, ನಾವು ಎಂತ ಪಾಪ ಮಾಡಿದ್ವಿ?”

“ಕರೆದಿದ್ರೆ ಬರ್ತಿದ್ದೆ! ಕರೆದ್ಯಾ ನೀನು?”

“ಕರೀದೆ? ನನ್ನ ಮಗ ಮಾಲತೇಶ ಹೋದ ಸುಗ್ಗೀಲಿ ಫೋನ್ ಮಾಡಿದ. ನಿಮ್ಮ ತಿಪ್ಪೇಶ, ಅಪ್ಪಂಗೆ ಹುಷಾರಿಲ್ಲ ಅಂದ. ಅದಕ್ಕೂ ಮುಂಚೆ ಮಾಡಿದಾಗ್ಲೂ ಅದೇ. ಈ ಸಲ ಮಾಡಿದ್ರೆ, ಹಾಸಿಗೆ ಹಿಡಿದಾನೆ, ಇನ್ನು ಏಳೋದು ಕಷ್ಟ ಅಂದನಂತೆ. ಕೊನೇ ಸಲ ಮುಖ ನೋಡ್ಕೊಂಡು ಹೋಗಾಣ ಅಂತ ಬಂದೆ.”

ಹುಚ್ಚರಾಯಪ್ಪನಿಗೆ ಮೈಯೆಲ್ಲ ಉರಿಯಿತು. ಎರಡು ವರ್ಷ ಈ ಹೆಂಗಸಿಗೆ ಹಾಕಿದ ಬೈಗುಳವೆಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯೂ ಆಯಿತು, ಆ ನಾಚಿಕೆಗೆ ಇನ್ನಷ್ಟು ಸಿಟ್ಟು ಬಂತು. ಆಗಲೇ ಅವನ ಕಣ್ಣು ಅವಳ ಕಂಕುಳಿಗೆ ಬಿತ್ತು. ಟವೆಲ್ಲಿನ ತುದಿಯಿಂದ ಮತ್ತಿ ಮರದ ಕಪ್ಪು ತಲೆ ಇಣುಕುತ್ತಿತ್ತು.

“ಗೂಟ ಯಾಕ ತಂದಿ?”

ಹೂವಮ್ಮ ಟವೆಲ್ಲಿನ ತುದಿ ಎಳೆದು ಗೂಟದ ತಲೆ ಮುಚ್ಚಿದಳು. “ಕೊಟ್ಟು ಹೋಗಾಣ ಅಂತ. ಇಲ್ಲದವರ ಗೂಟ ನಮ್ಮನೇಲಿ ಇರಬಾರ್ದು ಅಂತ ಊರೋರು ಅಂದ್ರು.”

ನಲವತ್ತೆರಡು ವರ್ಷದ ಮಾತು ಟವೆಲ್ಲಿನಲ್ಲಿ ಸುತ್ತಿಕೊಂಡು ವಾಪಸು ಬಂದಿತ್ತು. ತನ್ನ ಹೆಣಕ್ಕೆ ಹಣ್ಣು ತಂದಿದ್ದರೂ ಹುಚ್ಚರಾಯಪ್ಪನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಹೊರಗೆ ಬೈಕ್ ನಿಂತ ಸದ್ದಾಯಿತು. ತಿಪ್ಪೇಶ ಫೀಡಿನ ಚೀಲ ಹೆಗಲ ಮೇಲಿಟ್ಟುಕೊಂಡು ಒಳಗೆ ಬಂದವನು ಹೂವಮ್ಮನನ್ನು ಕಂಡು ಬಾಗಿಲಲ್ಲೇ ನಿಂತ. ಚೀಲ ಇಳಿಸಲೂ ಇಲ್ಲ.

“ಬಾರಪ್ಪ. ನಿಮ್ಮಪ್ಪ ಸತ್ತಾನ, ನೋಡಾಕೆ ಜನ ಬಂದಾರ. ಕುಂದ್ರಸು, ನೀರು ಕೊಡು,” ಎಂದ ಹುಚ್ಚರಾಯಪ್ಪ.

“ಅಪ್ಪ, ಕೂಗಾಡಬ್ಯಾಡ, ಬಿಪಿ...”

“ಬಿಪಿ ಹೆಸರು ಇನ್ನೊಂದ್ಸಲ ಎತ್ತಿದ್ರೆ ಈ ಕೊಡ್ಲಿ ನೋಡು! ಎರಡು ವರ್ಷ ಕರೆ ನುಂಗಿದಿ. ನಾ ದಿನಾ ಕಟ್ಟೆ ಮ್ಯಾಲೆ ಕೂತು ಇವರ ದಾರಿ ಕಾಯೋದು ನೋಡಿದಿ. ಇವರನ್ನ ಬೈಯೋದು ಕೇಳಿದಿ. ಕೇಳಿಸ್ಕಂಡು ಸುಮ್ನಿದ್ಯಲ್ಲಲೇ, ಅನ್ನ ಹೆಂಗ ಇಳೀತು ನಿಂಗ?”

ತಿಪ್ಪೇಶ ಚೀಲವನ್ನು ನೆಲಕ್ಕೆ ಕುಕ್ಕಿದ. ಅವನಿಗೂ ಸಿಟ್ಟು ಬಂದಿತ್ತು. ಅಪ್ಪನ ಮಗನೇ ತಾನೆ. “ಹೌದು, ಸುಳ್ಳು ಹೇಳಿದೆ. ಇನ್ನೂ ಹೇಳ್ತೀನಿ. ಅವತ್ತು ಫೋನ್ ಬಂದು ನಾ ಓಡಿ ಬಂದಾಗ ರಸ್ತೆ ತುಂಬ ರಕ್ತ. ಕುರೀದೋ ನಿಂದೋ ಗೊತ್ತಾಗ್ಲಿಲ್ಲ. ಎಷ್ಟು ಕುರಿ ಸತ್ವು ಅಂತ ಎಲ್ರೂ ಕೇಳಿದ್ರು. ನಾ ಕುರಿ ನೋಡ್ಲೇ ಇಲ್ಲ. ಗುಂಡಿ ಗುಂಡಿ ಇಳ್ದು ನಿನ್ನ ಹುಡುಕಿದೆ. ನಿಂಗೇನು, ನೀ ಬಿದ್ದಿದ್ದಿ ಅಷ್ಟೆ. ಹುಡುಕಿದೋನು ನಾನು!”

ಹುಚ್ಚರಾಯಪ್ಪನಿಗೆ ಈ ಮಾತು ಗೊತ್ತಿರಲಿಲ್ಲ. ಗೊತ್ತಾದದ್ದು ಎದೆಗೆ ತಾಗಿತು. ಆದರೆ ಕ್ಷಮಿಸುವ ಮನಸ್ಸು ಬರಲಿಲ್ಲ.

“ಹುಡುಕಿದಿ ಸರಿ. ಸಿಕ್ಕ ಮ್ಯಾಲೆ ಯಾಕಲೇ ಹೂತಿಟ್ಟಿ?” ಎಂದ.

ಹೂವಮ್ಮ ನೆಲದ ಮೇಲಿನ ಹಣ್ಣುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದಳು. ಗೂಟವನ್ನು ಮಾತ್ರ ಗೋಡೆಗೆ ಒರಗಿಸಿ ನಿಲ್ಲಿಸಿದಳು. “ಅಪ್ಪ ಮಗ ಎಂತಾದ್ರೂ ಮಾಡ್ಕೊಳ್ಳಿ. ಅಮಾಸೆ ಕಳೆದ ಮೇಲೆ ಮಾಲತೇಶ ಉಳುಮೆ ಮಾಡಿಸಿ ಉದ್ದು ಹಾಕ್ತಾನಂತೆ. ಅಷ್ಟರೊಳಗೆ ಬಂದು ಈ ಗೂಟ ಹೊಡೆದ್ರೆ ಹೊಡೆದ್ರಿ. ಇಲ್ಲಾಂದ್ರೆ ಇದನ್ನ ಒಲೆಗೆ ಹಾಕ್ಕೊಳ್ಳಿ, ಮುಂದೆ ನಮ್ಮನೇಲಿ ನಿಮ್ಮ ಹೆಸರು ಎತ್ತಲ್ಲ.”

“ಹೊತ್ಕೊಂಡು ಹೋಗವ್ವ, ಬರ್ತೀನಿ.”

“ಹೊತ್ಕೊಂಡು ಓಡಾಡೋಕೆ ನಾನೇನು ನಿಮ್ಮ ಆಳಾ? ನೀವೇ ತನ್ನಿ,” ಎಂದವಳು ಮಮತಾ ಕೊಟ್ಟ ಕಾಫಿ ಕುಡಿದು, ಹಣ್ಣಿನ ಚೀಲವನ್ನೂ ವಾಪಸು ತೆಗೆದುಕೊಂಡು ಬಸ್ಸಿಗೆ ಹೊರಟುಹೋದಳು. ಗಟ್ಟಿಮುಟ್ಟಾದವನಿಗೆ ಕಿತ್ತಳೆ ಯಾಕೆ ಎಂದು ಅವಳ ಲೆಕ್ಕ. ಅಮಾವಾಸ್ಯೆಗೆ ಇಪ್ಪತ್ತು ದಿನವಿತ್ತು.

ಅವಳು ಅತ್ತ ಹೋದೊಡನೆ ಹುಚ್ಚರಾಯಪ್ಪ ಶೆಡ್ಡಿನ ಬಾಗಿಲಿಗೆ ಬಂದ. ತಿಪ್ಪೇಶ ಮುಂದೆ ಹೋಗಿ ಅಡ್ಡ ನಿಂತ. “ಒಂದು ಕುರಿ ಹೊರಗೆ ಬಿಡಂಗಿಲ್ಲ. ಶೆಡ್ಡು ನಂದು, ಜವಾಬ್ದಾರಿ ನಂದು. ನೀ ಬೇಕಾದ್ರೆ ನನ್ನ ಹೊಡಿ.”

ಹೊಡೆಯುವುದಕ್ಕೆ ಹುಚ್ಚರಾಯಪ್ಪ ಸಿದ್ಧನಿದ್ದ. ಆದರೆ ಎರಡು ವರ್ಷ ಮಗ ಸ್ವಂತ ದುಡ್ಡು ಹಾಕಿ ಬೆಳೆಸಿದ ಕುರಿ, ಮಗ ಕಟ್ಟಿದ ಶೆಡ್ಡು. ಹೊಡೆದರೂ ಅವು ತನ್ನವಾಗುವುದಿಲ್ಲ ಎಂಬುದು ಗೊತ್ತಿತ್ತು. ಅರವತ್ತು ಕುರಿ ಎದುರಿಗಿದ್ದವು, ಅವನದು ಎನ್ನುವುದು ಒಂದೂ ಇರಲಿಲ್ಲ. ಅಳು ಬರುವಂತಾಗಿ ಅವನು ಗೋಡೆಗೆ ಒರಗಿದ.

ಮಮತಾ ಸೆರಗು ಸಿಕ್ಕಿಸಿಕೊಂಡು ಗಂಡನ ತೋಳಿನ ಕೆಳಗೆ ನುಸುಳಿ ಶೆಡ್ಡಿನ ಒಳಗೆ ಹೋದಳು. ಅವಳು ಬಾಯಿ ಜೋರು ಮಾಡುವ ಹೆಂಗಸಲ್ಲ. ಅಟ್ಟದ ಮೇಲೆ ಹತ್ತಿ ಕುರಿಗಳ ಎಡಗಿವಿ ಹಿಡಿದು ಹಿಡಿದು ನೋಡತೊಡಗಿದಳು. ಎಡಗಿವಿಯಲ್ಲಿ ಕಚ್ಚು ಇದ್ದದ್ದನ್ನು ಕೆಳಗಿಳಿಸಿದಳು. ಒಂದು, ಎರಡು, ಐದು.

“ಏನ್ ಮಾಡಾಕತ್ತಿ?” ಎಂದ ತಿಪ್ಪೇಶ.

“ಎಡಗಿವಿ ಕಚ್ಚಿನವು ಯಾರವ್ರೀ?”

ತಿಪ್ಪೇಶ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಮದುವೆಯಾಗಿ ಬರುವಾಗ ಮಮತಾಳ ತವರಿನವರು ಬಳುವಳಿಯಾಗಿ ಮೂರು ಹೆಣ್ಣು ಕುರಿ ಕೊಟ್ಟಿದ್ದರು. ಬಳುವಳಿ ಕುರಿ ಮತ್ತು ಅದರ ಮರಿ, ಮರಿಯ ಮರಿ, ಎಲ್ಲವೂ ಹೆಣ್ಣುಮಗಳದ್ದು. ಗಂಡ ಅದನ್ನು ಮೇಯಿಸಬಹುದು, ಮಾರುವಂತಿಲ್ಲ, ತಡೆಯುವಂತಿಲ್ಲ. ಬಾಯಾರಿ ಸತ್ತರೂ ಆ ಕಟ್ಟಳೆ ಮುರಿದವನಿಗೆ ಅವರ ಕುಲದಲ್ಲಿ ಯಾರೂ ತಂಬಿಗೆ ನೀರು ಕೊಡುವುದಿಲ್ಲ.

“ಇಪ್ಪತ್ತೆರಡು ಅದಾವೆ. ತಗಳ್ಳಿ ಮಾವ,” ಎಂದಳು ಮಮತಾ. ಆಮೇಲೆ ಗಂಡನ ಕಡೆಗೆ ತಿರುಗಿದಳು. “ಮಾವ ಯಾರತ್ರನೂ ಮಾತಾಡಲ್ಲ ಅಂತ ನಾ ಅವರನ್ನ ನಗೋ ಕ್ಲಾಸಿಗೆ ಕಳಿಸ್ತಿದ್ದೆ ಕಣ್ರೀ. ಬಲೂನು ಹಿಡಿಸ್ದೆ ಅವರ ಕೈಗೆ. ಮಾತಾಡೋರು ಫೋನ್ ಮಾಡ್ತಿದ್ರು, ನೀವು ಕಟ್ ಮಾಡ್ತಿದ್ರಿ. ನಂಗೂ ಹೇಳ್ಲಿಲ್ಲ ನೀವು.”

ಆವತ್ತಿನಿಂದ ಆ ಮನೆಯಲ್ಲಿ ಮೂವರೂ ಮೂರು ದಿಕ್ಕಿಗೆ ಸಿಟ್ಟಾದರು. ತಿಪ್ಪೇಶ ಅಪ್ಪನ ಜೊತೆಯೂ ಮಾತು ಬಿಟ್ಟ, ಹೆಂಡತಿಯ ಜೊತೆಯೂ ಬಿಟ್ಟ. ಹುಚ್ಚರಾಯಪ್ಪನಿಗೆ ಅದಕ್ಕೆ ಪುರಸೊತ್ತಿರಲಿಲ್ಲ. ಶೆಡ್ಡಿನ ಕುರಿಗಳ ಗೊರಸು ನಡೆಯದೆ ಬೆಳೆದು ಡೊಂಕಾಗಿದ್ದವು. ಇಪ್ಪತ್ತೆರಡು ಕುರಿ, ಎಂಬತ್ತೆಂಟು ಕಾಲು. ಒಂದೊಂದನ್ನೂ ಮಲಗಿಸಿ, ಚೂರಿಯಿಂದ ಗೊರಸು ಹೆರೆದ. “ತಿಂದು ತಿಂದು ಕೊಬ್ಬಿ ಹೋಗೀರಲ್ಲ, ನಾಚಿಕಿ ಇಲ್ಲೇನು?” ಎಂದು ಕುರಿಗಳನ್ನೂ ಬೈದ. ಐದು ದಿನ ಹಿಡಿಯಿತು. ಸಂಜೆಯಾದರೆ ಮುರಿದು ಕೂಡಿದ ಮಣಿಕಟ್ಟು ಊದಿಕೊಳ್ಳುತ್ತಿತ್ತು, ಅದನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಊಟಕ್ಕೆ ಕೂರುತ್ತಿದ್ದ. ಮೂರನೆಯ ದಿನ ಅವನ ದಿಂಬಿನ ಪಕ್ಕ ನೋವಿನ ಎಣ್ಣೆಯ ಬಾಟಲಿ ಇತ್ತು. ಮಮತಾ ಇಟ್ಟಳೆಂದುಕೊಂಡ. ಅವಳು ಇಲ್ಲವೆಂದಳು.

ಆಮೇಲೆ ದಿನಾ ಬೆಳಿಗ್ಗೆ ಕೆರೆ ಅಂಗಳಕ್ಕೆ ಹೊಡೆದುಕೊಂಡು ಹೋಗಿ ನಡೆಸಿದ. ಮೊದಲ ದಿನ ಅರ್ಧ ಮೈಲಿಗೆ ಕುರಿಗಳು ಏದುಸಿರು ಬಿಟ್ಟವು. ಅವನೂ ಬಿಟ್ಟ. ವಾರದ ಹೊತ್ತಿಗೆ ಎರಡೂ ಕಡೆ ಉಸಿರು ಸರಿಹೋಯಿತು.

ಮಧ್ಯೆ ಒಂದು ಭಾನುವಾರ ಶಿಕಾರಿಪುರಕ್ಕೆ ಹೋದ, ಇನ್ನು ಬರುವುದಿಲ್ಲ ಎಂದು ಹೇಳುವುದಕ್ಕೆ. ಸ್ಪಂದನಳಿಂದ ಆ ಹಾಳೆ ಕೇಳಿ ಇಸಿದುಕೊಂಡು, ಗುರಿಯ ಕೆಳಗೆ ದೊಡ್ಡದಾಗಿ ೨೨ ಎಂದು ಬರೆದ.

“ಇದೇನಜ್ಜಾರೆ?”

“ನೀ ಕೇಳಿದ್ದು.”

ಅವಳಿಗೆ ಏನು ಅರ್ಥವಾಯಿತೋ, ಮೈಕು ಪಕ್ಕಕ್ಕಿಟ್ಟು ಅವನ ಮುಖ ನೋಡಿದಳು. ಪಾಪ, ಹುಡುಗಿಯ ಮೇಲೆ ಅವನಿಗೆ ಸಿಟ್ಟೇನೂ ಉಳಿದಿರಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನಡೆದರೆ ಹಿಂದೆ ಚಪ್ಪಲಿ ಸದ್ದು. ಭೀಮಣ್ಣ.

“ಎತ್ತಲಾಗೆ ಹೊಂಟಿ ಯಜಮಾನ?”

“ಹೊಸಬಾಳೆಗೆ. ಕುರಿ ಹೊಡ್ಕಂಡು. ಶುಕ್ರವಾರ.”

“ನಾನೂ ಬರ್ತೀನಿ.”

“ನಿಂಗೆ ಕುರಿ ಗೊತ್ತೇನು?”

“ಕುರಿ ಗೊತ್ತಿಲ್ಲ. ಲಾರಿ ಗೊತ್ತು,” ಎಂದ ಭೀಮಣ್ಣ ಜೇಬು ತಟ್ಟಿಕೊಂಡ.

ಶುಕ್ರವಾರ ಬೆಳಕು ಹರಿಯುವಾಗ ಭೀಮಣ್ಣ ಹಳೆಯ ಖಾಕಿ ಅಂಗಿ ತೊಟ್ಟು ಬಂದಿದ್ದ. ಗುಂಡಿ ಹಾಕಲು ಹೊಟ್ಟೆ ಬಿಡುತ್ತಿರಲಿಲ್ಲ. ತಿಪ್ಪೇಶ ಮನೆಯಿಂದ ಹೊರಗೆ ಬರಲಿಲ್ಲ. ಹುಚ್ಚರಾಯಪ್ಪ ಗೂಟವನ್ನು ಹೆಗಲಿಗೇರಿಸಿದ, ಬಲೆ, ಕೊಡತಿ ಮತ್ತು ಕಂಬಳಿಗಳನ್ನು ಭೀಮಣ್ಣ ಹೊತ್ತ. ಶಿರಾಳಕೊಪ್ಪದ ತಿರುವು ಬಂದಾಗ ಹುಚ್ಚರಾಯಪ್ಪನ ಕಾಲು ತಾನಾಗಿ ನಿಧಾನವಾಯಿತು. ಅದೇ ಗುಂಡಿ, ಈಗ ಅದರಲ್ಲಿ ಹುಲ್ಲು ಬೆಳೆದಿತ್ತು. ಎದುರಿನಿಂದ ಲಾರಿಯೊಂದು ಹಾರನ್ ಹಾಕುತ್ತ ಬಂತು. ಭೀಮಣ್ಣ ರಸ್ತೆಯ ಮಧ್ಯಕ್ಕೆ ಹೋಗಿ, ಕೈ ಚಾಚಿ, ಮೂವತ್ತೊಂದು ವರ್ಷದ ಉಸಿರು ಸೇರಿಸಿ ಸೀಟಿ ಊದಿದ. ಲಾರಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಬೈದ. “ಕೆಳಗಿಳಿ, ಮಾತಾಡಾಣ ಬಾ!” ಎಂದು ಭೀಮಣ್ಣ ಎರಡರಷ್ಟು ಬೈದ. ಇಪ್ಪತ್ತೆರಡು ಕುರಿ ಸಾವಕಾಶವಾಗಿ ದಾಟಿದವು. ಆಚೆ ಬದಿಗೆ ಬಂದ ಮೇಲೆ ಇಬ್ಬರು ಮುದುಕರೂ ಯಾರೂ ಹೇಳಿಕೊಡದೆ, ಹೊಟ್ಟೆ ಹಿಡಿದುಕೊಂಡು ನಕ್ಕರು.

ದಾರಿಯುದ್ದಕ್ಕೂ ಎರಡು ಫರ್ಲಾಂಗು ಹಿಂದೆ ಒಂದು ಬೈಕ್ ಬರುತ್ತಿತ್ತು. ಇವರು ನಿಂತರೆ ಅದೂ ಮರದ ಮರೆಗೆ ನಿಲ್ಲುತ್ತಿತ್ತು. ಹುಚ್ಚರಾಯಪ್ಪ ತಿರುಗಿ ನೋಡಲಿಲ್ಲ. ಆ ಬೈಕಿನ ಸದ್ದು ಅವನಿಗೆ ಗೊತ್ತು.

ಮರುದಿನ ಸಂಜೆ, ಅಮಾವಾಸ್ಯೆಗೆ ಇನ್ನೂ ಮೂರು ದಿನ ಇರುವಾಗ, ಮಂದೆ ಹೊಸಬಾಳೆಯ ಗದ್ದೆಗೆ ಇಳಿಯಿತು. ಹೂವಮ್ಮ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದಳು. ಕುರಿಗಳನ್ನು ಎಣಿಸಿ ಮುಖ ಸೊಟ್ಟ ಮಾಡಿದಳು.

“ನೂರಿಪ್ಪತ್ತು ಬರ್ತಿದ್ವು. ಇದು ಎಂತ ಮಾರಾಯ್ರೆ, ಇಪ್ಪತ್ತೆರಡು! ಯಾವ ಮೂಲೆಗೆ ಸಾಕು?”

“ಬಾಯಿ ಮುಚ್ಚವ್ವ. ಮೊದ್ಲು ಈ ಸಣ್ಣ ಗದ್ದೆ. ದಿನಕ್ಕೊಂದು ಕಡೆ ಸರಿಸ್ತೀನಿ. ನಂಗೇನು ಅವಸರ ಇಲ್ಲ.”

“ಆ ಮೂಲೆಯಿಂದ ಶುರು ಮಾಡಿ. ಅಲ್ಲಲ್ಲ, ಅಲ್ಲಿ ನೀರು ನಿಲ್ತದೆ. ಈಚೆ, ಈಚೆ! ಎರಡು ವರ್ಷಕ್ಕೆ ಗದ್ದೆಯ ಗುರುತೇ ಮರೆತುಹೋಯ್ತಾ?”

ಇಷ್ಟು ಹಾಯಾಗಿ ಅವನನ್ನು ಯಾರಾದರೂ ಬೈದು ಎರಡು ವರ್ಷವಾಗಿತ್ತು. ಅವಳು ಗದರುತ್ತಲೇ ಬಂದು ಗೂಟ ಹಿಡಿಯಲು ಕೈ ಚಾಚಿದಳು. ಹುಚ್ಚರಾಯಪ್ಪ ಕೊಡಲಿಲ್ಲ. ರಸ್ತೆಯ ಕಡೆಗೆ ತಿರುಗಿ, ಊರೆಲ್ಲ ಕೇಳುವಂತೆ ಕೂಗಿದ.

“ಲೇ ತಿಪ್ಪಾ! ಎರಡು ದಿನದಿಂದ ಹಿಂದಿಂದೆ ಬರ್ತಿದೀಯ, ನಾನೇನು ಕುರುಡನೇನು? ಇಳ್ದು ಬಾ ಇಲ್ಲಿ!”

ಹುಣಸೆ ಮರದ ಮರೆಯಿಂದ ತಿಪ್ಪೇಶ ಬಂದ. ಒಂದು ಕೈಯಲ್ಲಿ ಮಾತ್ರೆಯ ಪೊಟ್ಟಣ. ಅದನ್ನು ಕೊಡಲು ಮುಂದೆ ಚಾಚಿದ. ಹುಚ್ಚರಾಯಪ್ಪ ಆ ಕೈಗೆ ಗೂಟ ತುರುಕಿದ.

“ಹಿಡಿ.”

ತಿಪ್ಪೇಶ ಗೂಟ ನೋಡಿದ. ಅಪ್ಪನ ಬಲಗೈ ನೋಡಿದ. ಕೊಡತಿ ಎತ್ತಿದ ಆ ಕೈ ಸಣ್ಣಗೆ ನಡುಗುತ್ತಿತ್ತು. ಅದು ಭೀಮಣ್ಣನಿಗೂ ಕಾಣಿಸಿತು, ಹೂವಮ್ಮನಿಗೂ ಕಾಣಿಸಿತು. “ಅಪ್ಪ, ನೀ ಹಿಡಿ, ನಾ ಹೊಡೀತೀನಿ,” ಎಂದ ತಿಪ್ಪೇಶ ಮೆಲ್ಲಗೆ.

“ನಾ ಹೊಡೆಯಾಕೆ ಬಂದೋನು. ಹಿಡಿಯಾಕೆ ಆಗದಿದ್ರೆ ಹೇಳು, ಹೂವವ್ವ ಹಿಡೀತಾಳ. ಅವಳಿಗೆ ನನ್ನ ಕೈ ಮ್ಯಾಲೆ ನಂಬಿಕಿ ಐತಿ.”

ತಿಪ್ಪೇಶ ನೆಲದ ಮೇಲೆ ಮೊಣಕಾಲೂರಿದ. ಗೂಟವನ್ನು ಎರಡು ಕೈಯಲ್ಲೂ ನೆಟ್ಟಗೆ ಹಿಡಿದು, ಕಣ್ಣು ಮುಚ್ಚಿಕೊಂಡ. ಹುಚ್ಚರಾಯಪ್ಪ ಮಗನ ಬಗ್ಗಿದ ನೆತ್ತಿ ನೋಡಿದ. ಅಲ್ಲಿ ಆಗಲೇ ನರೆ ಇತ್ತು, ಎರಡು ವರ್ಷದ ಹಿಂದೆ ಇರಲಿಲ್ಲ. ಎರಡೂ ಕಾಲು ಸರಿಯಾಗಿ ಊರಿ, ಬೀಸಿ ಹೊಡೆದ.

ಕೊಡತಿ ಗೂಟದ ನೆತ್ತಿಗೆ ಸರಿಯಾಗಿ ಬಿತ್ತು. ಗೂಟ ನಾಲ್ಕು ಬೆರಳು ಒಳಗಿಳಿಯಿತು.

“ಕಣ್ಣು ತೆಗಿಯಲೇ,” ಎಂದು ಹುಚ್ಚರಾಯಪ್ಪ ಗದರಿದ. “ಇನ್ನೂ ಮೂರು ಏಟು ಐತಿ. ನೋಡ್ತಾ ಹಿಡಿ.”

ತಿಪ್ಪೇಶ ಕಣ್ಣು ತೆರೆದ.